ಎರಡು ಮಳೆಗಾಲ ದಾಟಿದ ಡ್ಯಾಕ್: ಕ್ರರ್ ಸದ್ದು ಹೋಯಿತು, ಅಡಕತ್ತರಿ ಕೇಳಿತು

ನನ್ನ ಕಂಪ್ಯೂಟರಿನಲ್ಲಿ ಮೌಸ್ ಓಡಿದ್ದು ಕಿವಿಗೆ ಕೇಳುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು ಮೌಸ್ ಎಳೆದರೆ ಕ್ರರ್ ಅಂತ ಸಣ್ಣ ಸದ್ದು. ಕೈ ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ದೊಡ್ಡ ಫೈಲ್ ಕಾಪಿ ಆಗುವಾಗ ಬೇರೆಯದೇ ಒಂದು ಕುಂಯ್ ಕುಂಯ್. ಸಿನಿಮಾ ಹಾಡು ಕೇಳುವವರಿಗೆ ಇದು ಗೊತ್ತೇ ಆಗಲಿಕ್ಕಿಲ್ಲ. ನಾನು ಕೇಳುವುದು ತಾಳಮದ್ದಳೆ, ವೇಷ ಕಟ್ಟದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ. ಅಲ್ಲಿ ಮಾತಿನ ನಡುವೆ ನಿಲುಗಡೆ ಇರುತ್ತದೆ. ಪಾತ್ರದ ಮಾತು ಆಡುವ ಅರ್ಥಧಾರಿ ಒಂದು ಪ್ರಶ್ನೆ ಎಸೆದು ಸುಮ್ಮನಾಗುತ್ತಾರೆ. ಎದುರಿನವರು ಬಾಯಿ ತೆರೆಯುವವರೆಗಿನ ಆ ನಾಲ್ಕೈದು ಸೆಕೆಂಡು ಇಡೀ ಕೂಟ ಉಸಿರು ಬಿಗಿಹಿಡಿದಿರುತ್ತದೆ. ನನ್ನ ಕಿವಿಯಲ್ಲಿ ಮಾತ್ರ ಕ್ರರ್. ಅದನ್ನು ಹೋಗಲಾಡಿಸಲಿಕ್ಕೆ ಒಂದು ಡ್ಯಾಕ್ ತಂದೆ. ಕಂಪ್ಯೂಟರಿನ ಡಿಜಿಟಲ್ ಫೈಲನ್ನು ಹೆಡ್‌ಫೋನಿಗೆ ಬೇಕಾದ ಸದ್ದಾಗಿ ಮಾಡಿಕೊಡುವ, ಹೊರಗೆ ಇಡುವ ಸಣ್ಣ ಪೆಟ್ಟಿಗೆ ಅದು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಅಪ್ಪ ಚಿಕ್ಕ ಟೇಪ್ ರೆಕಾರ್ಡರ್ ಹಿಡಿದು ಊರೂರು ಸುತ್ತಿ ತುಂಬಿಸಿಟ್ಟ 38 ಕ್ಯಾಸೆಟ್ ನಮ್ಮಲ್ಲಿ ಉಂಟು. ಮಂಗಳೂರಿನ ಗೆಳೆಯ ಒಬ್ಬ ಎಲ್ಲವನ್ನೂ ಕಂಪ್ಯೂಟರ್ ಫೈಲ್ ಮಾಡಿಕೊಟ್ಟ. ರಾತ್ರಿ ಊಟ ಆದ ಮೇಲೆ ಒಂದೊಂದನ್ನೇ ಕೇಳುವುದು, ಪ್ರಸಂಗ ಯಾವುದು, ಪದ ಹಾಡಿದ ಭಾಗವತರು ಯಾರು, ಅರ್ಥ ಹೇಳಿದವರು ಯಾರು ಅಂತ ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸ. ಕ್ಯಾಸೆಟ್ಟಿನ ಸ್ ಸ್ ಅನ್ನುವ ಸದ್ದು ನನಗೆ ತೊಂದರೆ ಕೊಟ್ಟದ್ದಿಲ್ಲ. ಅದು ಒಂದೇ ಸಮ ಇರುತ್ತದೆ, ಹತ್ತು ನಿಮಿಷದಲ್ಲಿ ಕಿವಿ ಅದನ್ನು ಮರೆತುಬಿಡುತ್ತದೆ. ಬಂದು ಹೋಗಿ ಮಾಡುವ ಸದ್ದನ್ನು ಮರೆಯುವುದಕ್ಕೆ ಆಗುವುದಿಲ್ಲ, ಅಲ್ವಾ?

ಇದರಲ್ಲಿ ಮದರ್‌ಬೋರ್ಡಿನ ಸೌಂಡ್ ಚಿಪ್ಪನ್ನು ದೂರುವ ಹಾಗಿಲ್ಲ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಪವರ್ ಸಪ್ಲೈ ಎಲ್ಲ ಇರುವ ಡಬ್ಬದಲ್ಲೇ ಅದೂ ಇರಬೇಕು. ಮೌಸ್ ಅಲ್ಲಾಡಿದಾಗ ಪ್ರೊಸೆಸರ್ ಎಳೆಯುವ ಕರೆಂಟ್ ಹೆಚ್ಚುಕಡಿಮೆ ಆಗುತ್ತದೆ. ಆ ಏರಿಳಿತ ಸೌಂಡಿನ ದಾರಿಗೂ ಸೇರಿಕೊಳ್ಳುತ್ತದೆ. ಖರ್ಚು ಮಾಡುವ ಮೊದಲು ಒಂದು ಕೆಲಸ ಮಾಡಿ ನೋಡಿ. ಹೆಡ್‌ಫೋನನ್ನು ಕ್ಯಾಬಿನೆಟ್ಟಿನ ಮುಂದಿನ ತೂತಿನಿಂದ ತೆಗೆದು ಹಿಂದಿನ ಹಸಿರು ತೂತಿಗೆ ಹಾಕಿ. ಮುಂದಿನದಕ್ಕೆ ಒಂದು ಸಪುರ ವಯರ್ ಡಬ್ಬದೊಳಗೆ ಎಲ್ಲವನ್ನೂ ದಾಟಿಕೊಂಡು ಬರುತ್ತದೆ, ದಾರಿಯಲ್ಲಿ ಸಿಕ್ಕಿದ ಸದ್ದನ್ನೆಲ್ಲ ಹಿಡಿದುಕೊಂಡು ಬರುತ್ತದೆ. ಹಿಂದೆ ಹಾಕಿದಾಗ ನನ್ನಲ್ಲಿ ಅರ್ಧಕ್ಕರ್ಧ ಕಡಿಮೆ ಆಯಿತು. ಕೆಲವರಿಗೆ ಅಷ್ಟೇ ಸಾಕಾಗಬಹುದು. ನನಗೆ ಸಾಕಾಗಲಿಲ್ಲ.

ಆ ವರ್ಷದ ಅಡಿಕೆ ಕೊಟ್ಟ ದುಡ್ಡಿನಲ್ಲಿ 7,200 ರೂಪಾಯಿ ಡ್ಯಾಕಿಗೆ ಅಂತ ತೆಗೆದಿಟ್ಟೆ. ಕಾಸರಗೋಡು ಪೇಟೆಯಲ್ಲಿ ಕೇಳಿದ ಅಂಗಡಿಗಳಲ್ಲಿ ಇರಲಿಲ್ಲ, ಆನ್‌ಲೈನಿನಲ್ಲೇ ತರಿಸಿದೆ. ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೆ 32 ಬಿಟ್, 384 ಕಿಲೋಹರ್ಟ್ಸ್ ಅಂತೆಲ್ಲ ಬರೆದಿತ್ತು. ಅದನ್ನು ನೋಡಿ ದುಡ್ಡು ಜಾಸ್ತಿ ಕೊಡಬೇಡಿ. ಸಿ.ಡಿ. ಅಂದರೆ 16 ಬಿಟ್, ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಅಷ್ಟು ಸಲ ಸದ್ದಿನ ಅಳತೆ. ಅತಿ ಮೆಲ್ಲಗಿನ ಸದ್ದಿನಿಂದ ಅತಿ ಜೋರಿನ ಸದ್ದಿನವರೆಗೆ ಸುಮಾರು 96 ಡೆಸಿಬಲ್ ಅದರಲ್ಲಿ ಹಿಡಿಯುತ್ತದೆ. ಸಾಧಾರಣ ಕ್ಯಾಸೆಟ್ಟಿಗೆ 50-60 ಡೆಸಿಬಲ್ ಸಿಕ್ಕಿದರೆ ದೊಡ್ಡದು. ನನ್ನ ಫೈಲುಗಳಿಗೆ 16 ಬಿಟ್ಟೇ ಧಾರಾಳ. ನಾನು ಕೊಟ್ಟ ದುಡ್ಡು ಆ ಅಂಕಿಗಳಿಗಲ್ಲ, ಸದ್ದಿನ ಕೆಲಸ ಕಂಪ್ಯೂಟರ್ ಡಬ್ಬದಿಂದ ಹೊರಗೆ ಬಂದದ್ದಕ್ಕೆ. ಇನ್ನೊಂದು ಮಾತು, ಇಂಥ ಡ್ಯಾಕಿನಲ್ಲಿ ಕ್ಯಾಸೆಟ್ ರೆಕಾರ್ಡ್ ಮಾಡುವುದಕ್ಕೆ ಆಗುವುದಿಲ್ಲ. ಇದು ಸದ್ದನ್ನು ಹೊರಗೆ ಕೊಡುತ್ತದೆ ಅಷ್ಟೆ, ಒಳಗೆ ತೆಗೆದುಕೊಳ್ಳುವುದಿಲ್ಲ. ಎರಡೂ ಬೇಕಾದವರು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸನ್ನೇ ತೆಗೆದುಕೊಳ್ಳಬೇಕು.

ಬಂದದ್ದು ಎರಡು ಬೆಂಕಿಪೊಟ್ಟಣ ಪಕ್ಕಪಕ್ಕ ಇಟ್ಟಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಮುಂದೆ ಒಂದೇ ಗುಂಡಿ. ಅದನ್ನು ತಿರುಗಿಸಿದರೆ ಮೊದಲು ಒಂದು ಟಿಕ್, ಸ್ವಲ್ಪ ಹೊತ್ತಿನಲ್ಲಿ ಒಳಗೆ ಇನ್ನೊಂದು ಟಿಕ್. ಆ ಎರಡನೇ ಟಿಕ್ ಆದ ಮೇಲೆ ಹೆಡ್‌ಫೋನ್ ಹಾಕಿಕೊಳ್ಳುತ್ತೇನೆ. ಎರಡು ವರ್ಷದಿಂದ ರಾತ್ರಿ ಒಂಬತ್ತಕ್ಕೆ ಇದೇ ಕ್ರಮ. ಟೇಬಲ್ ಒರೆಸುವುದು, ಪುಸ್ತಕ ಪೆನ್ನು ಇಟ್ಟುಕೊಳ್ಳುವುದು, ಗುಂಡಿ ತಿರುಗಿಸುವುದು, ಎರಡು ಟಿಕ್.

ಮೊದಲ ರಾತ್ರಿ ಹಾಕಿದ್ದು ನಮ್ಮ ಮನೆಯ ಚಾವಡಿಯಲ್ಲೇ ಆದ ಕೂಟದ ಫೈಲ್. ಎಷ್ಟೋ ಸಲ ಕೇಳಿದ್ದು. ಚೆಂಡೆ ನಿಂತಿತು, ಪದ ಮುಗಿಯಿತು, ಅರ್ಥ ಶುರುವಾಯಿತು. ಮೌಸ್ ಎಳೆದು ನೋಡಿದೆ. ಏನೂ ಇಲ್ಲ. ಮಾತು ನಿಂತ ಕಡೆ ನಿಜವಾಗಿ ನಿಂತಿತ್ತು. ಆ ನಿಲುಗಡೆಯಲ್ಲಿ ಮೆಲ್ಲಗೆ ಕಟ್ ಅಂತ ಒಂದು ಸದ್ದು. ಸ್ವಲ್ಪ ಬಿಟ್ಟು ಇನ್ನೊಂದು. ಟೇಪ್ ಎಲ್ಲೋ ಸುಕ್ಕಾಗಿರಬೇಕು ಅಂದುಕೊಂಡೆ. ಹಿಂದೆ ಹೋಗಿ ನಾಲ್ಕು ಸಲ ಕೇಳಿದೆ. ಕೊನೆಗೆ ಅಪ್ಪನನ್ನು ಕರೆದು ಅವರ ಕಿವಿಗೆ ಹಾಕಿದೆ.

"ಅಡಕತ್ತರಿ ಅಲ್ವಾ ಅದು," ಅಂದರು ಅಪ್ಪ. "ಅಜ್ಜ ಕಂಬಕ್ಕೆ ಒರಗಿ ಕೂತು ಅಡಿಕೆ ಕತ್ತರಿಸುತ್ತಿದ್ದದ್ದು. ರೆಕಾರ್ಡರ್ ಅವರ ಪಕ್ಕದಲ್ಲೇ ಇಟ್ಟಿದ್ದೆ."

ಅಜ್ಜ ಹೋಗಿ ಇಪ್ಪತ್ತು ವರ್ಷ ಮೇಲಾಯಿತು. ಅವರ ದನಿ ಇರುವ ಕ್ಯಾಸೆಟ್ ನಮ್ಮಲ್ಲಿ ಒಂದೂ ಇಲ್ಲ. ಅಡಕತ್ತರಿಯ ಈ ಸದ್ದು ಇಷ್ಟು ದಿನ ಇದೇ ಫೈಲಿನಲ್ಲಿ ಇತ್ತು, ಮದರ್‌ಬೋರ್ಡಿನ ಕ್ರರ್ ಅದನ್ನು ಮುಚ್ಚಿಕೊಂಡಿತ್ತು. ಆ ಹೊತ್ತಿಗೆ 7,200 ರೂಪಾಯಿಯ ಲೆಕ್ಕ ನನ್ನ ತಲೆಯಿಂದ ಹೋಯಿತು.

ಮೂರು ತಿಂಗಳು ಹೀಗೇ ಸುಖವಾಗಿ ಕಳೆಯಿತು. ಆಮೇಲೆ ಬೇಸರ ಶುರುವಾಯಿತು. ಅಪ್ಪನಿಗೆ ಹೆಡ್‌ಫೋನ್ ಆಗುವುದಿಲ್ಲ, ಕಿವಿ ಬೆವರುತ್ತದೆ. ಅವರಿಗೆ ಚಾವಡಿಯಲ್ಲಿ ಒರಗುಕುರ್ಚಿಯಲ್ಲಿ ಕೂತೇ ಕೇಳಬೇಕು. ಹಳೆಯ ಆಂಪ್ಲಿಫೈಯರ್ ಮತ್ತು ಎರಡು ಸ್ಪೀಕರ್ ಇದ್ದವು. ಡ್ಯಾಕಿನಿಂದ ಅದಕ್ಕೆ ವಯರ್ ಎಳೆದೆ. ಗುಂಂ ಅಂತ ಒಂದು ಮೊರೆತ. ಶ್ರುತಿಪೆಟ್ಟಿಗೆಯನ್ನೂ ಮೀರಿಸುವಷ್ಟು.

"ಇದಕ್ಕಿಂತ ನಿನ್ನ ಹಳೇದೇ ಆಗಬಹುದಿತ್ತಲ್ಲ ಮಾರಾಯ," ಅಂದರು ಅಪ್ಪ. ನನಗೆ ನಿಜವಾಗಿ ಬೇಜಾರಾಯಿತು.

ಕಂಪ್ಯೂಟರಿಗೂ ಮೂರು ಪಿನ್, ಆಂಪ್ಲಿಫೈಯರಿಗೂ ಮೂರು ಪಿನ್. ಎರಡೂ ಬೇರೆ ಬೇರೆ ಕಡೆ ಅರ್ತ್‌ಗೆ ಸೇರಿದ್ದವು, ನಡುವೆ ಯುಎಸ್‌ಬಿ ವಯರೂ ಆಡಿಯೋ ವಯರೂ ಅವನ್ನು ಮತ್ತೊಮ್ಮೆ ಜೋಡಿಸಿದವು. ಹೀಗೆ ಒಂದು ಸುತ್ತು ಆದರೆ ಮನೆಯ ಕರೆಂಟಿನ 50 ಹರ್ಟ್ಸ್ ಮೊರೆತ ಅದರೊಳಗೆ ಸುತ್ತುತ್ತದೆ. ಯಾರೋ ಆಂಪ್ಲಿಫೈಯರಿನ ಅರ್ತ್ ಪಿನ್ ಕತ್ತರಿಸಿಬಿಡಿ ಅಂದರು. ದಯವಿಟ್ಟು ಆ ಕೆಲಸ ಮಾಡಬೇಡಿ. ಒಳಗೆ ಏನಾದರೂ ಸುಟ್ಟು ಆಂಪ್ಲಿಫೈಯರಿನ ಲೋಹದ ಮೈಗೆ ಕರೆಂಟ್ ಬಂದರೆ ಜೀವ ಉಳಿಸುವುದು ಅದೇ ಪಿನ್. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದೆ, ಮೊರೆತ ಕಡಿಮೆ ಆಯಿತು. ಪೂರ್ತಿ ಹೋಗಲಿಲ್ಲ.

ಹೋದದ್ದು ಆಪ್ಟಿಕಲ್ ವಯರಿನಿಂದ. ಕಂಪ್ಯೂಟರಿನ ಹಿಂದೆ ಸಣ್ಣ ಚೌಕದ ಒಂದು ತೂತು ಇತ್ತು, ವರ್ಷಗಳಿಂದ ಮುಟ್ಟಿರಲಿಲ್ಲ. ಡ್ಯಾಕಿನಲ್ಲೂ ಅಂಥದ್ದೇ ಒಂದು. ಈ ವಯರಿನಲ್ಲಿ ಹೋಗುವುದು ಬೆಳಕು. ತಾಮ್ರವೇ ಇಲ್ಲದ ಮೇಲೆ ಅರ್ತ್ ಸುತ್ತು ಎಲ್ಲಿಂದ ಬರಬೇಕು? ಡ್ಯಾಕಿನ ಯುಎಸ್‌ಬಿಯನ್ನು ಕಂಪ್ಯೂಟರಿನಿಂದ ಬಿಡಿಸಿ, ಹಳೆಯ ಫೋನಿನ ಎರಡು ಪಿನ್ನಿನ ಚಾರ್ಜರಿಗೆ ಸಿಕ್ಕಿಸಿದೆ. ಮಗಳು ವಯರಿನ ತುದಿಯನ್ನು ಅಂಗೈಗೆ ಹಿಡಿದು ನೋಡಿದಳು. ಕುಂಕುಮದ ಬೊಟ್ಟಿನಷ್ಟು ಕೆಂಪು ಬೆಳಕು ಅಲ್ಲಿ ಬಿತ್ತು. ಜೋಡಿಸಿ ಹಾಕಿದೆ. ಚಾವಡಿಯಲ್ಲಿ ಚಕ್ರತಾಳ ಒಂದು ಕಡೆ, ಮದ್ದಳೆ ಒಂದು ಕಡೆ, ನಡುವೆ ಭಾಗವತರ ದನಿ. ಮೊರೆತ ಇಲ್ಲ. ಅಪ್ಪ ಏನೂ ಹೇಳಲಿಲ್ಲ, ಬೆರಳಿನಲ್ಲಿ ತಾಳ ಹಾಕುತ್ತಾ ಕೂತರು.

ಈಗಲೂ ಸರಿಯಾಗದ ಒಂದು ದೋಷ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಏನೂ ಹಾಡದೆ ಸ್ವಲ್ಪ ಹೊತ್ತು ಬಿಟ್ಟರೆ ನನ್ನ ಕಂಪ್ಯೂಟರ್ ಆ ಬೆಳಕನ್ನು ಕಳಿಸುವುದು ನಿಲ್ಲಿಸುತ್ತದೆ. ಮತ್ತೆ ಶುರು ಮಾಡಿದಾಗ ಡ್ಯಾಕ್ ಅದನ್ನು ಗುರುತು ಹಿಡಿಯಲು ಅರ್ಧ ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಪದದ ಮೊದಲ ಅಕ್ಷರ ಹೋಗಿರುತ್ತದೆ. "ರಾಮ" ಅಂತ ಎತ್ತಿಕೊಂಡರೆ ನಮಗೆ "ಮ" ಕೇಳುತ್ತದೆ. ಎತ್ತುಗಡೆಯಲ್ಲೇ ಭಾಗವತರ ಗುರುತು ಹಿಡಿಯುವ ಅಪ್ಪನಂಥವರಿಗೆ ಇದು ಸಣ್ಣ ನಷ್ಟ ಅಲ್ಲ. ಸದ್ದೇ ಇಲ್ಲದ ಒಂದು ಖಾಲಿ ಫೈಲನ್ನು ಬೇರೆ ಪ್ಲೇಯರಿನಲ್ಲಿ ಸುತ್ತುವಂತೆ ಬಿಟ್ಟು ದಾರಿ ಮಾಡಿಕೊಂಡಿದ್ದೇನೆ. ಬೆಳಕು ನಿಲ್ಲುವುದಿಲ್ಲ, ಅಕ್ಷರ ಉಳಿಯುತ್ತದೆ. ಆದರೆ ದಿನಾ ನೆನಪಿಟ್ಟು ಹಾಕಬೇಕು. ಇಷ್ಟು ದುಡ್ಡು ಕೊಟ್ಟ ಮೇಲೆ ಈ ರಗಳೆ ಇರಬಾರದಿತ್ತು.

ಆಟಿ ತಿಂಗಳಲ್ಲಿ ಶೀಟಿನ ಮಾಡಿಗೆ ಮಳೆ ಬಡಿಯುವಾಗ ಚಾವಡಿಯಲ್ಲಿ ಈ ಡ್ಯಾಕೂ ಒಂದೇ, ಫೋನಿನ ಸ್ಪೀಕರೂ ಒಂದೇ. ಆಗ ಹೆಡ್‌ಫೋನೇ ಗತಿ. ಎರಡು ಮಳೆಗಾಲದ ಪಸೆಯಲ್ಲಿ ಹೆಡ್‌ಫೋನ್ ಪಿನ್ ಒಮ್ಮೆ ಕಪ್ಪಾಯಿತು, ಒಣಬಟ್ಟೆಯಲ್ಲಿ ಉಜ್ಜಿದೆ, ಸರಿಯಾಯಿತು. ಪೆಟ್ಟಿಗೆಗೆ ಏನೂ ಆಗಿಲ್ಲ.

ದೂರದಲ್ಲಿ ಗುಡುಗು ಕೇಳಿದರೆ ಕಂಪ್ಯೂಟರ್, ಆಂಪ್ಲಿಫೈಯರ್, ಚಾರ್ಜರ್ ಎಲ್ಲದರ ಪ್ಲಗ್ ಎಳೆದಿಡುತ್ತೇನೆ. ಆ ಆಪ್ಟಿಕಲ್ ವಯರ್ ಒಂದನ್ನು ಮಾತ್ರ ಇದ್ದಲ್ಲೇ ಬಿಡುತ್ತೇನೆ. ಅದರಲ್ಲಿ ಕರೆಂಟ್ ಹೋಗುವುದಿಲ್ಲವಲ್ಲ.