ಹಳೇ ಪಿಕಪ್‌ಗೆ ಮೂಲ ಎಂಜಿನ್ನೋ, ಎಲ್‌ಎಸ್ ವಿ8ಓ?

1954ರ ಶೆವ್ರೊಲೆ ಪಿಕಪ್‌ನ ಆರು ಸಿಲಿಂಡರ್ ಎಂಜಿನ್ನೇ ಇರಲಿ ಅನ್ನೋದಾ, ಜನರಲ್ ಮೋಟಾರ್ಸ್‌ನ ಹೊಸ ಕಾಲದ ಎಂಟು ಸಿಲಿಂಡರ್ (ವಿ8) ಎಂಜಿನ್ ಆದ ಎಲ್‌ಎಸ್ ಕೂರಿಸೋದಾ ಎಂದು ಕೇಳಿದ್ದೀರಿ.

ಖರ್ಚು ನೋಡಿದರೆ, ಬ್ಲಾಕ್ (ಎಂಜಿನ್ನಿನ ಮುಖ್ಯ ಲೋಹದ ಒಡಲು) ಬಿರುಕು ಬಿಟ್ಟಿರದಿದ್ದರೆ ಹಳೆಯದನ್ನು ರಿಪೇರಿ ಮಾಡಿಸುವುದೇ ಸಾಮಾನ್ಯವಾಗಿ ಅಗ್ಗ. ಎಲ್‌ಎಸ್ ಅಂದರೆ ಬರೀ ಎಂಜಿನ್ ಬೆಲೆ ಅಲ್ಲ. ಎಂಜಿನ್ ಕೂರಿಸುವ ಮೌಂಟ್, ಗೇರ್‌ಬಾಕ್ಸ್, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಹೆಚ್ಚು ಒತ್ತಡದ ಫ್ಯೂಯಲ್ ಪಂಪ್, ದೊಡ್ಡ ರೇಡಿಯೇಟರ್ ಎಲ್ಲವೂ ಸೇರುತ್ತವೆ. 6 ವೋಲ್ಟ್ ವೈರಿಂಗ್ ತೆಗೆದು 12 ವೋಲ್ಟ್ ಮಾಡಿಸಬೇಕು. ಆ ಶಕ್ತಿಗೆ ಹಳೇ ಡ್ರಮ್ ಬ್ರೇಕ್ ಸಾಲದು. ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿಸಿ, ದಯವಿಟ್ಟು ಇಲ್ಲಿ ಮಾತ್ರ ಹಣ ಉಳಿಸಬೇಡಿ.

ರಿಪೇರಿ ಸುಲಭ ಇರುವುದು ಹಳೆಯದರಲ್ಲೇ. ಕಾರ್ಬ್ಯುರೇಟರ್ (ಪೆಟ್ರೋಲ್-ಗಾಳಿ ಬೆರೆಸುವ ಭಾಗ), ಪಾಯಿಂಟ್ (ಕಿಡಿ ಹೊತ್ತಿಸುವ ಸ್ವಿಚ್) ಎಲ್ಲ ಕೈಗೆ ಸಿಗುತ್ತವೆ, ಮಾಮೂಲಿ ಸ್ಪ್ಯಾನರ್ ಸಾಕು. ಎಲ್‌ಎಸ್ ಪದೇಪದೇ ಟ್ಯೂನಿಂಗ್ ಕೇಳುವುದಿಲ್ಲ, ಆದರೆ ಕೆಟ್ಟರೆ ದೋಷ ಓದುವ ಸ್ಕ್ಯಾನರ್ ಬೇಕು.

ದಿನಾ ಹೆದ್ದಾರಿಯಲ್ಲಿ ಓಡಿಸುವವರಿಗೆ ಎಲ್‌ಎಸ್ ಸರಿ. ಹಳೇ ಎಂಜಿನ್‌ಗೆ ಆ ವೇಗದಲ್ಲಿ ಉಸಿರು ಕಟ್ಟುತ್ತದೆ. ವಾರಾಂತ್ಯದ ನಿಧಾನ ಸವಾರಿಗೆ ಮೂಲ ಎಂಜಿನ್ನೇ ಚಂದ, ಆ ಮೆತ್ತನೆಯ ಸದ್ದು ನನಗಂತೂ ತುಂಬಾ ಇಷ್ಟ. ಬದಲಿಸಿದರೂ ಹಳೆಯದನ್ನು ಸುಮ್ನೆ ಗುಜರಿಗೆ ಹಾಕಬೇಡಿ. ಮುಂದೆ ಮಾರುವಾಗ ಅದನ್ನೇ ಕೇಳುವವರು ಸಿಗಬಹುದು.