ಪಾರ್ಟ್ರಿಶೋ ಚರ್ಚ್: ಟಾರ್ಚ್ ಮರೆಯಬೇಡಿ

ವೇಲ್ಸ್‌ನ ಬ್ಲ್ಯಾಕ್ ಮೌಂಟನ್ಸ್ ಬೆಟ್ಟಸಾಲಿನ ಇಳಿಜಾರಿನಲ್ಲಿರುವ ಪಾರ್ಟ್ರಿಶೋ ಊರಿನ ಸೇಂಟ್ ಇಸ್ಸುಯಿ ಚರ್ಚ್ ಹೊರಗಿನಿಂದ ತೀರಾ ಸಾಧಾರಣ. ಗೋಪುರವಿಲ್ಲ, ಉದ್ದಕ್ಕೆ ಒಂದು ಕಲ್ಲುಕಟ್ಟಡ, ಅಷ್ಟೇ. ಇಷ್ಟು ದೂರ ಬರುವುದು ಸಾರ್ಥಕವಾಗುವುದು ಒಳಗಿನ ಮರದ ತಡಿಕೆಗಾಗಿ.

ಜನ ಕೂರುವ ಜಾಗವನ್ನೂ ಪಾದ್ರಿಯ ಪವಿತ್ರ ಸ್ಥಳವನ್ನೂ ಬೇರ್ಪಡಿಸುವ ಈ ತಡಿಕೆ ಸುಮಾರು 1500ರದ್ದು. ಓಕ್ ಮರ, ಬಣ್ಣವಿಲ್ಲ. ಅದರ ಮೇಲಿನ ಅಟ್ಟವೂ ಉಳಿದಿದೆ, ಅಪರೂಪದ್ದು ಅದೇ. ಚರ್ಚ್‌ಗಳು ಕ್ಯಾಥೊಲಿಕ್ ಪದ್ಧತಿ ಬಿಟ್ಟು ಪ್ರೊಟೆಸ್ಟಂಟ್ ಆಗುತ್ತಿದ್ದ ಕಾಲ ಅದು: ತಡಿಕೆ ಇರಲಿ, ಅಟ್ಟ ಮಾತ್ರ ಕಿತ್ತುಹಾಕಿ ಎಂದು 1561ರಲ್ಲಿ ರಾಜಾಜ್ಞೆ ಹೊರಟಿತ್ತು. ಹೆಚ್ಚಿನ ಊರುಗಳಲ್ಲಿ ಅಟ್ಟ ಹೋಯಿತು, ಈ ಮೂಲೆಯಲ್ಲಿ ಉಳಿಯಿತು. ಅಡ್ಡದಿಮ್ಮಿಯ ತುದಿಯಲ್ಲಿ ಡ್ರ್ಯಾಗನ್ ಹುಡುಕಿ: ಅದರ ಬಾಯಿಂದ ದ್ರಾಕ್ಷಿಬಳ್ಳಿ ಹೊರಟು ದಿಮ್ಮಿಯುದ್ದಕ್ಕೂ ಹಬ್ಬಿದೆ. ಒಳಗೆ ಬೆಳಕು ಕಡಿಮೆ. ಟಾರ್ಚನ್ನು ನೇರವಾಗಿ ಹಿಡಿದರೆ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದಿಂದ ಓರೆಯಾಗಿ ಹಾಯಿಸಿದರೆ ಎಲೆಯ ನರವೂ ಎದ್ದು ಬರುತ್ತದೆ.

ತಡಿಕೆಯ ಬಾಗಿಲಿನ ಎರಡೂ ಬದಿಗೆ ಕಲ್ಲಿನ ಬಲಿಪೀಠಗಳಿವೆ. ಅದೇ ಬದಲಾವಣೆಯ ಭಾಗವಾಗಿ 1550ರಲ್ಲಿ ಇಂಥವನ್ನು ಒಡೆದು ಮರದ ಮೇಜು ಇಡಲು ಆದೇಶವಾಗಿತ್ತು. ಇವು ಹೇಗೋ ಪಾರಾದವು. ಮೂರನೆಯದು ಪಶ್ಚಿಮಕ್ಕೆ ಅಂಟಿಕೊಂಡ, ಸಂತ ಇಸ್ಸುಯಿಯ ಸಮಾಧಿಯ ಮೇಲೆ ಕಟ್ಟಿದ್ದೆಂದು ನಂಬುವ ಪುಟ್ಟ ಚಾಪೆಲ್‌ನಲ್ಲಿ (ಪ್ರಾರ್ಥನಾ ಕೋಣೆಯಲ್ಲಿ) ಇದೆ. ಅದಕ್ಕೆ ಹೊರಗಿನಿಂದ ಪ್ರತ್ಯೇಕ ಬಾಗಿಲು. ಇದನ್ನು ತಿಳಿಯದೆ ಹಲವರು ನೋಡದೇ ಹಿಂದಿರುಗುತ್ತಾರೆ. ಜ್ಞಾನಸ್ನಾನದ ಕಲ್ಲುತೊಟ್ಟಿಯ ಅಂಚನ್ನು ಸುತ್ತಿ ನೋಡಿ: ಗೆನಿಲ್ಲಿನ್ (ಇಲ್ಲಿನ ಅಂದಿನ ಒಡೆಯ) ಕಾಲದಲ್ಲಿ ಮೆನ್‌ಹಿರ್ ನನ್ನನ್ನು ಮಾಡಿದ ಎಂದು ಲ್ಯಾಟಿನ್‌ನಲ್ಲಿ ಕೊರೆದಿದೆ. ಅದು 11ನೇ ಶತಮಾನದ್ದು, ಈಗಿನ ಕಟ್ಟಡದ ಬಹುಪಾಲಿಗಿಂತ ಹಳೆಯದು. ಗೋಡೆಯ ಮೇಲೆ ಮರಳುಗಡಿಯಾರ, ಸನಿಕೆ ಹಿಡಿದ ಅಸ್ಥಿಪಂಜರದ ಚಿತ್ರವಿದೆ.

1908-09ರಲ್ಲಿ ವಾಸ್ತುಶಿಲ್ಪಿ ಡಬ್ಲ್ಯೂ.ಡಿ. ಕ್ಯಾರೋ ನಡೆಸಿದ ಜೀರ್ಣೋದ್ಧಾರಕ್ಕೆ ಪೂರ್ಣ ಅಂಕ ಕೊಡಬೇಕು. ಹಳತನ್ನು ಕೆರೆದು ಹೊಸದರಂತೆ ಮಾಡಲಿಲ್ಲ, ಸೊಟ್ಟಗಿದ್ದದ್ದನ್ನು ಸೊಟ್ಟಗೇ ಬಿಟ್ಟರು.

ತೊಂದರೆಯೆಲ್ಲ ದಾರಿಯದು. ಒಂದೇ ಕಾರು ಹಿಡಿಸುವ ಓಣಿ, ಎರಡೂ ಕಡೆ ಎತ್ತರದ ಬೇಲಿ, ಕಡಿದಾದ ಏರು. ಎದುರು ಟ್ರ್ಯಾಕ್ಟರ್ ಬಂದರೆ ರಿವರ್ಸ್ ಹೋಗಲೇಬೇಕು, ಆದ್ದರಿಂದ ದಾಟಿದ ಅಗಲದ ಜಾಗಗಳನ್ನು ನೆನಪಿಟ್ಟುಕೊಳ್ಳಿ. ನಿಲ್ಲಿಸಲು ಕೆಲವೇ ಕಾರಿಗೆ ಜಾಗ. ಕೆಳಗಿನ ತೊರೆಯ ಬಳಿ ಸಂತನ ಬಾವಿಯಿದೆ; ಮಳೆ ಬಂದ ದಿನ ಕಲ್ಲು ಜಾರುತ್ತದೆ, ಹಿಡಿತವಿರುವ ಶೂ ಹಾಕಿಕೊಂಡೇ ಇಳಿಯಿರಿ.