ಹಳೇ ಎಂಎಂ 540 ಜೀಪು: ಎಂಟು ವರ್ಷ ಓಡಿಸಿದ ಮೇಲೆ

2017ರಲ್ಲಿ ಮೂಡಿಗೆರೆ ಕಡೆಯ ಕಾಫಿ ತೋಟದಿಂದ 1991ರ ಮಹೀಂದ್ರ ಎಂಎಂ 540 ತಗೊಂಡೆ. ಬಣ್ಣ ಹೋಗಿತ್ತು, ಟಾಪು ಹರಿದಿತ್ತು. ಅದಕ್ಕೂ ಮೊದಲು ಒಬ್ಬ ಬ್ರೋಕರ್ ಹತ್ತಿರ ಫಳಫಳ ಹೊಳೆಯುವ ಜೀಪು ನೋಡಿದ್ದೆ. ಅಡ್ವಾನ್ಸ್ ಕೊಡುವುದರಲ್ಲಿದ್ದೆ, ಸುಮ್ನೆ ಆರ್‌ಸಿ ಹಿಡಿದು ಎಂಜಿನ್ ನಂಬರ್ ತಾಳೆ ನೋಡಿದೆ. ಬೇರೆಯದೇ ಇತ್ತು! "ಅದೆಲ್ಲ ಮಾಡಿಸ್ಕೊಡ್ತೀನಿ ಸಾರ್" ಅಂದ. ಎದ್ದು ಬಂದೆ.

ನನ್ನದರಲ್ಲಿ ಇರುವುದು ಪ್ಯೂಜೋ ಮೂಲದ 2112 ಸಿಸಿ ಡೀಸೆಲ್ ಎಂಜಿನ್. ಚಳಿಯ ಬೆಳಿಗ್ಗೆ ಎಂಜಿನ್ ಬಿಸಿ ಮಾಡುವ ಹೀಟರ್ ಹಾಕಿ ಸ್ವಲ್ಪ ಕಾಯಬೇಕು. ಆಮೇಲೆ ಬೀದಿಯನ್ನೆಲ್ಲ ಎಬ್ಬಿಸುತ್ತದೆ. ಹೈವೇಯಲ್ಲಿ 60 ದಾಟಿದರೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಪವರ್ ಸ್ಟೇರಿಂಗ್ ಇಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಹಳ್ಳ ದಾಟಿದ ಮೇಲೆ ನಾಲ್ಕೈದು ಸಲ ತುಳಿದು ಒಣಗಿಸದೆ ಇಳಿಜಾರಿಗೆ ಹೋಗಬೇಡಿ. ನಾನು ಹೋಗಿ, ಕಾಫಿ ಗಿಡದ ಮೇಲೆ ಗಾಡಿ ನಿಲ್ಲಿಸಿದ್ದೇನೆ.

ಆದರೆ ಜುಲೈ ಮಳೆಯಲ್ಲಿ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ), ಲೋ ಗೇರ್ ಹಾಕಿ ಕ್ಲಚ್ ಬಿಟ್ಟರೆ ಸಾಕು. ಕೆಸರಿನ ಏರನ್ನು ಗಾಣದ ಎತ್ತಿನ ಹಾಗೆ ಆತುರವಿಲ್ಲದೆ ಹತ್ತುತ್ತದೆ. ಅದಕ್ಕೇ ಅಲ್ವಾ ಇದನ್ನು ಇಟ್ಟುಕೊಂಡಿರುವುದು.

ಎಂಜಿನ್‌ಗಿಂತ ಜಾಸ್ತಿ ದುಡ್ಡು ತಿಂದಿದ್ದು ತುಕ್ಕು. ಕಾಲಿಡುವ ಕಡೆಯ ತಗಡನ್ನು ಎರಡು ಸಲ ಹಾಕಿಸಿದೆ. ಕೊಳ್ಳುವಾಗ ಚಾಸಿಯನ್ನು (ಗಾಡಿಯ ತಳದ ಚೌಕಟ್ಟು) ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಕಬ್ಬಿಣದ ಸದ್ದೇ ಬೇರೆ, ತುಕ್ಕು ತಿಂದದ್ದೇ ಬೇರೆ. ಮುಂದಿನ ಚಕ್ರಗಳ ನಡುವಿನ ಹೌಸಿಂಗ್ ಒಳಗೆ ಗೇರ್ ನಿಜವಾಗಿ ಇದೆಯಾ ಅಂತಲೂ ನೋಡಿ. ಲಿವರ್ ಇದ್ದ ಮಾತ್ರಕ್ಕೆ ಫೋರ್ ವೀಲ್ ಅಲ್ಲ. ಬುಷ್, ಕಿಂಗ್ ಪಿನ್‌ನಂಥ ಬಿಡಿ ಭಾಗಗಳೆಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತವೆ.

ನನ್ನ ಗೆಳೆಯನಿಗೆ ಸಂಗ್ರಹದ ಹುಚ್ಚು. "ಹಳೇ ವಿಲ್ಲೀಸ್" (ಅಮೆರಿಕದ ಮೂಲ ಜೀಪು) ಅಂತ ದುಬಾರಿ ಜೀಪು ತಂದ. ಬಿಚ್ಚಿ ನೋಡಿದರೆ ಮಹೀಂದ್ರವೇ, ನನ್ನ ಜೀಪಿನ ತಮ್ಮ! ಬಾನೆಟ್ ತಗ್ಗಿಸಿ ಹೊಸ ಬಾಡಿ ಕೂರಿಸಿದ್ದರು. ನೋಡಲು ಚೆಂದ, ಒಪ್ಪುತ್ತೇನೆ. ಆದರೆ 2021ರ ನಿಯಮದ ಪ್ರಕಾರ ವಿಂಟೇಜ್ (ಬಹಳ ಹಳೇ) ಗಾಡಿಗಳಿಗೆ ಕೊಡುವ 'ವಿಎ' ನಂಬರ್ ಬೇಕಾದರೆ ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ದಿನಾ ಓಡಿಸುವಂತೆಯೂ ಇಲ್ಲ.

ನನ್ನದಕ್ಕೆ 50 ತುಂಬುವುದು 2041ಕ್ಕೆ. ಸದ್ಯಕ್ಕೆ ಸೈಲೆನ್ಸರ್ ತೂತಾಗಿದೆ, ನಾಳೆ ಗ್ಯಾರೇಜಿಗೆ ಬಿಡಬೇಕು.